ಬೀಳದ ಚೆಂಡಿಗೂ ಒಂದು ಗೆರೆ ಹಾಕಿ

ಟಿ. ದಾಸರಹಳ್ಳಿ, ಮಲ್ಲಸಂದ್ರ, ಬಾಗಲಗುಂಟೆ ಕಡೆ ಬ್ಯಾಸ್ಕೆಟ್‌ಬಾಲ್ ಆಡುವವರ ನಡುವೆ ಒಂದು ವಾದ ನಡೆದೇ ಇದೆ. ಮ್ಯಾಚ್ ನಡೆಯುವಾಗ ಕೋರ್ಟಿನ ಪಕ್ಕ ಇಬ್ಬರನ್ನು ಹಾಳೆ, ಪೆನ್ಸಿಲ್ ಕೊಟ್ಟು ಕೂರಿಸಬೇಕು. ಯಾರು ಎಷ್ಟು ಶಾಟ್ ಎಸೆದರು, ಎಷ್ಟು ಬಿತ್ತು, ರಿಬೌಂಡ್ ಯಾರು ಹಿಡಿದರು, ಚೆಂಡು ಯಾರ ಕೈಯಿಂದ ಹೋಯಿತು, ಎಲ್ಲ ಬರೆಸಬೇಕು ಅನ್ನುವವರು ಒಂದು ಕಡೆ. ಇದೆಲ್ಲ ಟಿವಿ ನೋಡಿ ಹತ್ತಿಸಿಕೊಂಡ ಎನ್‌ಬಿಎ ಹುಚ್ಚು ಅನ್ನುವವರು ಇನ್ನೊಂದು ಕಡೆ. ನಾನು ಬರೆಸಬೇಕು ಅನ್ನುವ ಗುಂಪಿನವನು. ಬೇಡ ಅನ್ನುವವರೇನೂ ಆಟ ಗೊತ್ತಿಲ್ಲದವರಲ್ಲ. ನಮಗೆ ಲೇ-ಅಪ್ ಹೇಳಿಕೊಟ್ಟ ಹಿರಿಯರಿದ್ದಾರೆ, ಜನರಲ್ ಶಿಫ್ಟ್ ಮುಗಿಸಿ ಬಂದು ಕತ್ತಲಾಗುವವರೆಗೆ ಮಕ್ಕಳಿಗೆ ಡ್ರಿಬ್ಲಿಂಗ್ ಮಾಡಿಸುವ ಕೋಚ್‌ಗಳಿದ್ದಾರೆ. ಅಂಥವರ ಮಾತಿಗೆ ನಕ್ಕು ಸುಮ್ಮನಾಗುವುದು ಮರ್ಯಾದೆಯಲ್ಲ. ಆದ್ದರಿಂದ ಅವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಹೇಳುತ್ತೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪಾಯಿಂಟ್ ಮಾತ್ರ ಬರೆಯುವುದು ಅರ್ಧ ಲೆಕ್ಕ. ಅರ್ಧ ಲೆಕ್ಕದಲ್ಲಿ ಸ್ಟಾರ್ ಆಟಗಾರನಿಗೆ ಏನೂ ನಷ್ಟವಿಲ್ಲ. ನಷ್ಟ ಆಗುವುದು ಬ್ಯಾಸ್ಕೆಟ್ ಹಾಕದೆ ತಂಡಕ್ಕಾಗಿ ಬೆವರು ಹರಿಸುವ ಆಟಗಾರನಿಗೆ.

ಆಕ್ಷೇಪ 1: “ಸ್ಕೋರ್ ಶೀಟ್ ಇದೆಯಲ್ಲಪ್ಪ, ಅದು ಸಾಲದಾ? ಮಿಕ್ಕಿದ್ದು ಕಣ್ಣಿಗೇ ಕಾಣುತ್ತೆ.”

ಸ್ಕೋರ್ ಶೀಟನ್ನು ಒಮ್ಮೆ ಹತ್ತಿರ ಹಿಡಿದು ನೋಡಿ. ಫೀಬಾ ನಿಯಮದ ಹಾಳೆಯಲ್ಲಿ 1ರಿಂದ 160ರವರೆಗೆ ಅಂಕಿಗಳು ಸಾಲಾಗಿ ಅಚ್ಚಾಗಿರುತ್ತವೆ. ಬ್ಯಾಸ್ಕೆಟ್ ಬಿದ್ದರೆ ತಂಡದ ಹೊಸ ಮೊತ್ತದ ಮೇಲೆ ಒಂದು ಓರೆಗೆರೆ, ಫ್ರೀ ಥ್ರೋ ಬಿದ್ದರೆ ಒಂದು ತುಂಬಿದ ಚುಕ್ಕಿ, ಪಕ್ಕದಲ್ಲಿ ಹಾಕಿದವನ ಜೆರ್ಸಿ ನಂಬರ್. ಮೂರು ಪಾಯಿಂಟಿನ ಶಾಟ್ ಆಗಿದ್ದರೆ ಆ ನಂಬರಿನ ಸುತ್ತ ಒಂದು ವೃತ್ತ. ಒಂದು ಮತ್ತು ಮೂರನೇ ಕ್ವಾರ್ಟರಿಗೆ ಕೆಂಪು ಇಂಕು, ಎರಡು ಮತ್ತು ನಾಲ್ಕಕ್ಕೆ ನೀಲಿ ಇಲ್ಲವೇ ಕಪ್ಪು. ಪ್ರತಿ ಆಟಗಾರನ ಹೆಸರಿನ ಮುಂದೆ ಐದು ಫೌಲಿಗೆ ಐದು ಮನೆ. ಯಾರು ಗೆದ್ದರು, ಯಾರು ಫೌಲ್ ಔಟ್ ಆದರು ಎಂಬುದರಲ್ಲಿ ತಕರಾರಿಗೆ ಎಡೆ ಇಲ್ಲದಷ್ಟು ಅಚ್ಚುಕಟ್ಟಾದ ಹಾಳೆ ಅದು.

ಆದರೆ ಬೀಳದ ಶಾಟಿಗೆ ಆ ಹಾಳೆಯಲ್ಲಿ ಜಾಗವೇ ಇಲ್ಲ. ಆರು ಎಸೆದು ಆರನ್ನೂ ಹಾಕಿದವಳಿಗೂ, ಇಪ್ಪತ್ನಾಲ್ಕು ಎಸೆದು ಆರು ಹಾಕಿದವಳಿಗೂ ಅಲ್ಲಿ ಆರೇ ಓರೆಗೆರೆ. ಎರಡನೆಯವಳು ಹಾಳು ಮಾಡಿದ ಹದಿನೆಂಟು ಅವಕಾಶಗಳಿಗೆ ಸಾಕ್ಷಿ ಇಲ್ಲ. ಆ ಹದಿನೆಂಟರಲ್ಲಿ ಐದಾರನ್ನು ಎಗರಿ ಹಿಡಿದು ತಂಡಕ್ಕೆ ಮತ್ತೆ ಚೆಂಡು ಕೊಟ್ಟವಳಿಗೂ ಸಾಕ್ಷಿ ಇಲ್ಲ.

ಇನ್ನು ಕಣ್ಣಿನ ಮಾತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಫೀಬಾ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಿಸ್ತಾನವನ್ನು ಸೋಲಿಸಿ ಎ ಡಿವಿಷನ್‌ಗೆ ಏರಿದರು. ಸ್ಕೋರು 75–73. ಎರಡು ವರ್ಷದ ನಂತರ, 2019ರ ಸೆಪ್ಟೆಂಬರಿನಲ್ಲಿ, ಅದೇ ಅಂಗಳದಲ್ಲಿ ಜಪಾನ್ 71–68ರಿಂದ ಚೀನಾವನ್ನು ಸೋಲಿಸಿ ಏಷ್ಯಾ ಕಪ್ ಎತ್ತಿತು. ಒಂದರಲ್ಲಿ ಎರಡು ಪಾಯಿಂಟಿನ ಅಂತರ, ಇನ್ನೊಂದರಲ್ಲಿ ಮೂರು. ಅಂದರೆ ಒಂದೇ ಒಂದು ಶಾಟು. ಇಂಥ ಮ್ಯಾಚ್ ನೋಡಿ ಬಂದವರ ನೆನಪಿನಲ್ಲಿ ಉಳಿಯುವುದು ಕೊನೆಯ ನಿಮಿಷ. ಎರಡನೇ ಕ್ವಾರ್ಟರಿನಲ್ಲಿ ಸೈಡ್ ಲೈನ್ ದಾಟುತ್ತಿದ್ದ ಚೆಂಡನ್ನು ಯಾರೋ ಬಿದ್ದು ಉಳಿಸಿದ್ದು ಮರೆತುಹೋಗಿರುತ್ತದೆ. ಎರಡು ಪಾಯಿಂಟಿನ ಗೆಲುವಿನಲ್ಲಿ ಆ ಉಳಿದ ಚೆಂಡಿನ ಬೆಲೆಯೂ ಅಷ್ಟೇ. ಕಣ್ಣು ಸುಳ್ಳು ಹೇಳುವುದಿಲ್ಲ ಎನ್ನೋಣ. ಆದರೆ ಅದು ಬೇಗ ಮರೆಯುತ್ತದೆ.

ಆಕ್ಷೇಪ 2: “ಜಾಸ್ತಿ ಪಾಯಿಂಟ್ ಹಾಕಿದವನೇ ದೊಡ್ಡ ಪ್ಲೇಯರ್. ಇದಕ್ಕೆ ಲೆಕ್ಕ ಬೇರೆ ಬೇಕಾ?”

ಈ ಮಾತಿಗೆ ಒಬ್ಬನೇ ಆಟಗಾರನ ಎರಡು ಮ್ಯಾಚ್ ಸಾಕು. 2006ರ ಜನವರಿ 22ರಂದು ಲಾಸ್ ಏಂಜಲಿಸ್ ಲೇಕರ್ಸ್‌ನ ಕೋಬಿ ಬ್ರಯಂಟ್ ಟೊರಾಂಟೊ ವಿರುದ್ಧ 81 ಪಾಯಿಂಟ್ ಹಾಕಿದರು. ಎಸೆದದ್ದು 46 ಶಾಟ್, ಬಿದ್ದದ್ದು 28. ಜೊತೆಗೆ 20 ಫ್ರೀ ಥ್ರೋದಲ್ಲಿ 18. ಆ ರಾತ್ರಿಯ ಮಟ್ಟಿಗೆ ಪಾಯಿಂಟೇ ಎಲ್ಲ ಹೇಳುತ್ತದೆ, ಒಪ್ಪುತ್ತೇನೆ.

ಈಗ 2010ರ ಜೂನ್ 17ಕ್ಕೆ ಬನ್ನಿ. ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯ, ಎದುರಾಳಿ ಬಾಸ್ಟನ್ ಸೆಲ್ಟಿಕ್ಸ್. ಲೇಕರ್ಸ್ 83–79ರಿಂದ ಗೆದ್ದಿತು. ತಂಡದಲ್ಲಿ ಹೆಚ್ಚು ಪಾಯಿಂಟ್ ಕೋಬಿಯದ್ದೇ: 23. ಸ್ಕೋರ್ ಶೀಟ್ ಹಿಡಿದವರು ಮತ್ತೆ ಅವರೇ ಗೆಲ್ಲಿಸಿದರು ಎಂದು ಮನೆಗೆ ಹೋಗಬಹುದು. ಪೂರ್ತಿ ಹಾಳೆ ಬೇರೆ ಕತೆ ಹೇಳುತ್ತದೆ. ಅವರು 24 ಎಸೆದು ಹಾಕಿದ್ದು 6. ಮೂರು ಪಾಯಿಂಟಿನ ಗೆರೆಯಾಚೆಯಿಂದ ಆರು ಎಸೆದರು, ಒಂದೂ ಬೀಳಲಿಲ್ಲ. ಇಡೀ ತಂಡವೇ 83 ಎಸೆದು 27 ಹಾಕಿತ್ತು. ಸೆಲ್ಟಿಕ್ಸ್ 71 ಎಸೆದು 29. ಬ್ಯಾಸ್ಕೆಟ್‌ನಿಂದ ಬಂದ ಪಾಯಿಂಟ್ ನೋಡಿದರೆ ಸೆಲ್ಟಿಕ್ಸ್ 64, ಲೇಕರ್ಸ್ 58. ಸೋತ ತಂಡವೇ ಆರು ಮುಂದಿದೆ!

ಹಾಗಾದರೆ ಗೆದ್ದದ್ದು ಹೇಗೆ? ಫ್ರೀ ಥ್ರೋ ಕಾಲಂ ನೋಡಿ: ಲೇಕರ್ಸ್ 37ಕ್ಕೆ 25, ಸೆಲ್ಟಿಕ್ಸ್ 17ಕ್ಕೆ 15. ಇಲ್ಲಿ ಲೇಕರ್ಸ್‌ಗೆ ಹತ್ತು ಜಾಸ್ತಿ. ಹತ್ತರಲ್ಲಿ ಆರು ಕಳೆದರೆ ನಾಲ್ಕು, ಗೆಲುವಿನ ಅಂತರವೂ ಅದೇ. ಅಷ್ಟೊಂದು ಶಾಟ್ ತಪ್ಪಿಯೂ ಎದುರಾಳಿಗಿಂತ ಹನ್ನೆರಡು ಹೆಚ್ಚು ಎಸೆಯಲು ಚೆಂಡು ಸಿಕ್ಕಿದ್ದು ಎಲ್ಲಿಂದ? ಆಫೆನ್ಸಿವ್ ರಿಬೌಂಡ್ ಕಾಲಂ ನೋಡಿ: 23ಕ್ಕೆ 8. ತಪ್ಪಿದ ತಮ್ಮದೇ ಶಾಟನ್ನು ಲೇಕರ್ಸ್ ಇಪ್ಪತ್ಮೂರು ಸಲ ಮತ್ತೆ ಹಿಡಿದರು. ಅದರಲ್ಲಿ ಒಂಬತ್ತು ಪಾವ್ ಗಸೋಲ್ ಒಬ್ಬರದ್ದೇ, ಅವರ ಒಟ್ಟು ರಿಬೌಂಡ್ 18. ಕೋಬಿಯೂ 15 ರಿಬೌಂಡ್ ಹಿಡಿದಿದ್ದರು. ಶಾಟ್ ಬೀಳದ ದಿನ ಅವರು ತಂಡಕ್ಕೆ ಕೊಟ್ಟದ್ದು ಅದನ್ನು. ಪಾಯಿಂಟ್ ಮಾತ್ರ ಬರೆದಿದ್ದರೆ ಗಸೋಲ್‌ಗೆ ಮಾತ್ರವಲ್ಲ, ಕೋಬಿಗೂ ಅನ್ಯಾಯವಾಗುತ್ತಿತ್ತು.

ಆಕ್ಷೇಪ 3: “ಬರೆಯೋರು ತಮಗೆ ಬೇಕಾದವರಿಗೆ ಬರೆದುಕೊಳ್ತಾರೆ. ಆ ಲೆಕ್ಕ ನಂಬೋದು ಹೇಗೆ?”

ಅಸಿಸ್ಟ್ ವಿಷಯದಲ್ಲಿ ಈ ಅನುಮಾನ ನ್ಯಾಯವೇ. ಪಾಸ್ ಪಡೆದವನು ಎರಡು ಡ್ರಿಬಲ್ ಮಾಡಿ ಹಾಕಿದರೆ ಅದು ಅಸಿಸ್ಟೋ ಅಲ್ಲವೋ ಎಂಬುದು ಬರೆಯುವವನ ತೀರ್ಮಾನಕ್ಕೆ ಬಿಟ್ಟದ್ದು. ತನ್ನ ಬಡಾವಣೆಯ ಹುಡುಗನಿಗೆ ಒಂದೆರಡು ಜಾಸ್ತಿ ಬರೆಯುವ ಸಾಧ್ಯತೆ ಎಲ್ಲ ಕಡೆಯೂ ಇದೆ. ಆದ್ದರಿಂದ ಶುರುವಿನಲ್ಲಿ ಅಸಿಸ್ಟ್ ಕಾಲಂ ಬಿಟ್ಟೇಬಿಡಿ ಎನ್ನುತ್ತೇನೆ.

ಉಳಿದ ಕಾಲಂಗಳಲ್ಲಿ ಅಷ್ಟು ಸುಲಭವಾಗಿ ಕೈ ಆಡಿಸಲಾಗದು, ಯಾಕೆಂದರೆ ಲೆಕ್ಕ ತಾಳೆ ಆಗಬೇಕು. ಮೇಲಿನ ಮ್ಯಾಚನ್ನೇ ತೆಗೆದುಕೊಳ್ಳಿ. ಲೇಕರ್ಸ್ 27 ಬ್ಯಾಸ್ಕೆಟ್, ಎರಡರಂತೆ 54. ಅದರಲ್ಲಿ ನಾಲ್ಕು ಮೂರರ ಶಾಟ್, ಅದಕ್ಕೆ ಇನ್ನೂ 4. ಫ್ರೀ ಥ್ರೋ 25. ಕೂಡಿದರೆ 83, ಬೋರ್ಡಿನಲ್ಲಿದ್ದದ್ದೂ ಅಷ್ಟೇ. ಸೆಲ್ಟಿಕ್ಸ್ 29 ಬ್ಯಾಸ್ಕೆಟ್, 58; ಆರು ಮೂರರ ಶಾಟ್, ಇನ್ನು 6; ಫ್ರೀ ಥ್ರೋ 15. ಒಟ್ಟು 79. ರಿಬೌಂಡೂ ಹೀಗೆಯೇ: ತಪ್ಪಿದ ಶಾಟ್‌ಗಿಂತ ಹೆಚ್ಚು ರಿಬೌಂಡ್ ಬರೆದಿದ್ದರೆ ಕಳ್ಳಲೆಕ್ಕ ಅಲ್ಲೇ ಸಿಕ್ಕಿಬೀಳುತ್ತದೆ. “ಆ ಹುಡುಗ ಚೆನ್ನಾಗಿ ಆಡಿದ” ಎಂಬ ಬಾಯಿಮಾತನ್ನು ತಾಳೆ ನೋಡಲು ಯಾವ ದಾರಿಯಿದೆ? ಪಕ್ಷಪಾತಕ್ಕೆ ಹೆಚ್ಚು ಜಾಗ ಇರುವುದು ಬರೆಯದ ಕಡೆಯಲ್ಲಿ.

ಆಕ್ಷೇಪ 4: “ಅಂಕಿಅಂಶ ಹುಡುಗರನ್ನ ಸ್ವಾರ್ಥಿಗಳನ್ನಾಗಿ ಮಾಡುತ್ತೆ.”

ಉದಾಹರಣೆ ನಾನೇ ಕೊಡುತ್ತೇನೆ. 2003ರ ಮಾರ್ಚ್ 16ರಂದು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ನ ರಿಕಿ ಡೇವಿಸ್‌ಗೆ ಟ್ರಿಪಲ್-ಡಬಲ್ (ಮೂರು ಕಾಲಂಗಳಲ್ಲಿ ಎರಡಂಕಿ) ಆಗಲು ಒಂದು ರಿಬೌಂಡ್ ಕಡಿಮೆ ಇತ್ತು. ಮ್ಯಾಚ್ ಆಗಲೇ ಗೆದ್ದಾಗಿತ್ತು. ಕೊನೆಯ ಕ್ಷಣಗಳಲ್ಲಿ ಆತ ತನ್ನದೇ ರಿಂಗಿಗೆ ಬೇಕೆಂದೇ ತಪ್ಪುವಂತೆ ಚೆಂಡು ಎಸೆದು ತಾನೇ ಹಿಡಿದ. ಯೂಟಾ ತಂಡದ ಆಟಗಾರ ಸಿಟ್ಟಿನಿಂದ ಫೌಲ್ ಮಾಡಿದ, ಕ್ಯಾವಲಿಯರ್ಸ್ ತಂಡವೇ ಡೇವಿಸ್‌ಗೆ ದಂಡ ಹಾಕಿತು, ಆ ರಿಬೌಂಡ್ ಲೆಕ್ಕಕ್ಕೆ ಸೇರಲಿಲ್ಲ. ಅಂಕಿಯ ಹಿಂದೆ ಬಿದ್ದವನ ಗತಿ ಏನಾಗುತ್ತದೆ ಎಂಬುದಕ್ಕೆ ಇಂದಿಗೂ ಇದೇ ಕತೆ ಹೇಳುತ್ತಾರೆ.

ಆದರೆ ನಮ್ಮ ಕೋರ್ಟುಗಳಲ್ಲಿ ಸ್ವಾರ್ಥ ಬೆಳೆಸುತ್ತಿರುವುದು ಯಾವ ಅಂಕಿ? ಮ್ಯಾಚ್ ಮುಗಿದ ಮೇಲೆ “ಎಷ್ಟು ಹಾಕ್ದೆ ಮಗಾ?” ಎಂದೇ ಎಲ್ಲರೂ ಕೇಳುತ್ತಾರೆ. “ಎಷ್ಟು ಎಸ್ದೆ?” ಎಂದು ಕೇಳುವವರಿಲ್ಲ. “ಎಷ್ಟು ಕಳ್ಕೊಂಡೆ?” ಎಂದಂತೂ ಇಲ್ಲವೇ ಇಲ್ಲ. ಮೂರು ಜನರ ನಡುವೆ ನುಗ್ಗಿ ಶಾಟ್ ಎಸೆಯುವ ಹುಡುಗನಿಗೆ ತಪ್ಪಿದರೆ ಬೆಲೆ ತೆರಬೇಕಿಲ್ಲ, ಬಿದ್ದರೆ ಚಪ್ಪಾಳೆ. ಪಾಸ್ ಕೊಡುವುದಾದರೂ ಯಾಕೆ? ಎಸೆದದ್ದನ್ನೆಲ್ಲ ಬರೆಯತೊಡಗಿ ನೋಡಿ. ಹದಿನೆಂಟಕ್ಕೆ ನಾಲ್ಕು ಎಂದು ಹೆಸರಿನ ಮುಂದೆ ಕಂಡ ಹುಡುಗ ಮುಂದಿನ ಮ್ಯಾಚಿನಲ್ಲಿ ಖಾಲಿ ನಿಂತ ಗೆಳೆಯನ ಕಡೆ ನೋಡುತ್ತಾನೆ. ಒಂದೇ ಕಾಲಂ ಇದ್ದರೆ ಎಲ್ಲರೂ ಅದರ ಹಿಂದೆ ಓಡುತ್ತಾರೆ. ಕಾಲಂ ಹೆಚ್ಚಿದಷ್ಟೂ ಸ್ವಾರ್ಥಕ್ಕೆ ಕಡಿವಾಣ.

ಆಕ್ಷೇಪ 5: “ಸ್ಕ್ರೀನ್, ಬಾಕ್ಸ್ ಔಟ್, ಡಿಫೆನ್ಸ್, ಇವೆಲ್ಲ ನಿಮ್ಮ ಕಾಲಂಗಳಲ್ಲಿ ಎಲ್ಲಿವೆ ಸ್ವಾಮಿ?”

ಎಲ್ಲ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು, ಅರ್ಧ ನಿಜವೂ ಹೌದು. ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಂತು ರಿಬೌಂಡನ್ನು ಬೇರೆಯವನ ಕೈಗೆ ಬೀಳಿಸಿದವನ ಹೆಸರು ಯಾವ ಕಾಲಂನಲ್ಲೂ ಬರುವುದಿಲ್ಲ. ಹ್ಯೂಸ್ಟನ್ ರಾಕೆಟ್ಸ್‌ನ ಶೇನ್ ಬ್ಯಾಟಿಯರ್ ಬಗ್ಗೆ 2009ರಲ್ಲಿ ಮೈಕೆಲ್ ಲೂಯಿಸ್ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ಗೆ ಬರೆದ ಪ್ರಸಿದ್ಧ ಲೇಖನದ ವಸ್ತುವೇ ಇದು. ಬ್ಯಾಟಿಯರ್‌ನ ಪಾಯಿಂಟ್, ರಿಬೌಂಡ್ ಎಲ್ಲ ಸಾಧಾರಣ. ಆದರೆ ಆತ ಕೋರ್ಟಿನಲ್ಲಿದ್ದರೆ ತನ್ನವರ ಆಟ ಸುಧಾರಿಸುತ್ತಿತ್ತು, ಎದುರಾಳಿಗಳ ಆಟ ಕೆಡುತ್ತಿತ್ತು.

ಈಗ ನನ್ನ ಪ್ರಶ್ನೆ. ಬ್ಯಾಟಿಯರ್‌ನ ಬೆಲೆಯನ್ನು ಆ ತಂಡ ಕಂಡುಹಿಡಿದದ್ದು ಹೇಗೆ? ಲೆಕ್ಕ ಬಿಟ್ಟು ಅಲ್ಲ, ಇನ್ನಷ್ಟು ಲೆಕ್ಕ ಹಾಕಿ. ಒಬ್ಬ ಆಟಗಾರ ಅಂಗಳದಲ್ಲಿದ್ದ ಹೊತ್ತಿನಲ್ಲಿ ತನ್ನ ತಂಡ ಗಳಿಸಿದ್ದು ಎಷ್ಟು, ಬಿಟ್ಟುಕೊಟ್ಟದ್ದು ಎಷ್ಟು ಎಂದು ಕಳೆದು ನೋಡುವ ಪ್ಲಸ್-ಮೈನಸ್ ಎಂಬ ಕಾಲಂ ಇದೆ. ಸ್ಕ್ರೀನ್ ಹಾಕಿದವನೂ ಬಾಕ್ಸ್ ಔಟ್ ಮಾಡಿದವನೂ ಅದರೊಳಗೆ ಬರುತ್ತಾರೆ. ಒಂದು ಮ್ಯಾಚಿಗೆ ಅದನ್ನು ನಂಬಬೇಡಿ, ಜೊತೆಗೆ ಆಡಿದವರ ಗುಣದೋಷವೂ ಅದರಲ್ಲಿ ಸೇರಿರುತ್ತದೆ. ಹತ್ತಾರು ಮ್ಯಾಚ್ ಕೂಡಿದರೆ ಮಾತನಾಡುತ್ತದೆ.

ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಿಲ್ ರಸೆಲ್ ಸಾಕ್ಷಿ. ಹದಿಮೂರು ಸೀಸನ್‌ನಲ್ಲಿ ಹನ್ನೊಂದು ಎನ್‌ಬಿಎ ಕಿರೀಟ ಗೆದ್ದ ಸೆಲ್ಟಿಕ್ಸ್ ಆಟಗಾರ. ಶಾಟ್ ಬ್ಲಾಕ್ ಮಾಡುವುದನ್ನೇ ಕಲೆಯಾಗಿಸಿದವರು. ಅಧಿಕೃತ ದಾಖಲೆಯಲ್ಲಿ ಅವರ ಹೆಸರಿನಲ್ಲಿ ಒಂದು ಬ್ಲಾಕೂ ಇಲ್ಲ. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್ ಲೆಕ್ಕ ಇಡಲು ಶುರುಮಾಡಿದ್ದು 1973–74ರಲ್ಲಿ. ರಸೆಲ್ ನಿವೃತ್ತರಾದದ್ದು 1969ರಲ್ಲಿ. ಡಿಫೆನ್ಸ್ ಮಾಡುವವನಿಗೆ ಅನ್ಯಾಯ ಮಾಡಿದ್ದು ಅಂಕಿಯಲ್ಲ, ಇಲ್ಲದ ಕಾಲಂ.

ಆಕ್ಷೇಪ 6: “ಲೆಕ್ಕದವರು ಬಂದು ಎಲ್ಲರಿಗೂ ಮೂರರ ಶಾಟಿನ ಚಟ ಹತ್ತಿಸಿದರು.”

2018ರ ಮೇ 28ರ ಮ್ಯಾಚನ್ನು ಈ ಗುಂಪಿನವರು ಎತ್ತಿಯೇ ಎತ್ತುತ್ತಾರೆ. ಅಂಕಿಗಳನ್ನೇ ನೆಚ್ಚಿದ ಹ್ಯೂಸ್ಟನ್ ರಾಕೆಟ್ಸ್ ಎನ್‌ಬಿಎ ಪ್ಲೇಆಫ್ ಸರಣಿಯ ಏಳನೇ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್‌ಗೆ 101–92ರಿಂದ ಸೋತಿತು. ಮೂರರ ಶಾಟ್ 44 ಎಸೆದು 7 ಹಾಕಿತು, ಅದರಲ್ಲೂ ಸತತ 27 ತಪ್ಪಿದವು. ಸರಿ. ಗೆದ್ದ ತಂಡ ಏನು ಮಾಡಿತು ಎಂದು ಅದೇ ಹಾಳೆಯಲ್ಲಿ ನೋಡಿ: ಅವರೂ 39 ಎಸೆದರು, 16 ಬಿದ್ದವು. ಇಬ್ಬರೂ ಎಸೆದದ್ದು ಹೆಚ್ಚುಕಡಿಮೆ ಅಷ್ಟಷ್ಟೇ. ಒಬ್ಬರಿಗೆ ಬಿತ್ತು, ಒಬ್ಬರಿಗೆ ಬೀಳಲಿಲ್ಲ. ಮೂರಕ್ಕೆ ಒಂದು ಬೀಳುವ ಮೂರರ ಶಾಟೂ ಎರಡಕ್ಕೆ ಒಂದು ಬೀಳುವ ಹತ್ತಿರದ ಶಾಟೂ ಸಮ ಎಂದಷ್ಟೇ ಲೆಕ್ಕ ಹೇಳುತ್ತದೆ. ಹತ್ತಕ್ಕೆ ಒಂದು ಹಾಕುವ ಹುಡುಗನಿಗೆ ಅದೇ ಲೆಕ್ಕ “ಬೇಡ, ಒಳಗೆ ಹೋಗು” ಎನ್ನುತ್ತದೆ. ನಮ್ಮ ಕೋರ್ಟುಗಳಲ್ಲಿ 6.75 ಮೀಟರಿನ ಗೆರೆಯಾಚೆ ನಿಂತು ಸುಮ್ಮನೆ ಚೆಂಡು ತೂರುವವರಿಗೆ ಮದ್ದು ಲೆಕ್ಕದಲ್ಲೇ ಇದೆ.

ಆಕ್ಷೇಪ 7: “ದಾಸರಹಳ್ಳಿ ಕಾಂಕ್ರೀಟ್ ಕೋರ್ಟಿಗೆ ಇದೆಲ್ಲ ಮೂಗಿಗಿಂತ ಮೂಗುತಿ ಭಾರ.”

ಈ ಮಾತನ್ನು ಬೇರೆ ಊರಿನವರು ಆಡಿದ್ದರೆ ಸುಮ್ಮನಿರುತ್ತಿದ್ದೆ. ಪೀಣ್ಯದ ಪಕ್ಕದಲ್ಲಿ ಇರುವವರು ಆಡಿದರೆ ಆಶ್ಚರ್ಯ. ನಮ್ಮಲ್ಲಿ ಮನೆಗೊಬ್ಬರು ಸಿಎನ್‌ಸಿ, ಲೇತ್, ಇಲ್ಲವೇ ಕ್ವಾಲಿಟಿ ವಿಭಾಗದಲ್ಲಿ ದುಡಿದವರು. ಶಿಫ್ಟ್ ಮುಗಿಸುವಾಗ ಆಪರೇಟರ್ ತುಂಬಿಸುವ ಹಾಳೆಯಲ್ಲಿ ಓಕೆ ಎಷ್ಟು, ರೀವರ್ಕ್ ಎಷ್ಟು, ರಿಜೆಕ್ಷನ್ ಎಷ್ಟು, ಮೂರೂ ಇರಬೇಕು. ಇನ್ನೂರು ಪೀಸ್ ತೆಗೆದೆ ಎಂದು ಎದೆಯುಬ್ಬಿಸಿ ಹೇಳಿದರೆ ಸೂಪರ್‌ವೈಸರ್ ಮೊದಲು ಕೇಳುವುದು “ಓಕೆ ಎಷ್ಟಪ್ಪ?” ಎಂದೇ. ರಿಜೆಕ್ಷನ್ ಬರೆಯದ ರಿಪೋರ್ಟಿಗೆ ಸಹಿ ಬೀಳುವುದಿಲ್ಲ. ಫ್ಯಾಕ್ಟರಿಯಲ್ಲಿ ಒಪ್ಪುವ ಈ ನ್ಯಾಯ ಸಂಜೆ ಕೋರ್ಟಿಗೆ ಬಂದ ಕೂಡಲೇ ಯಾಕೆ ಭಾರವಾಗಬೇಕು?

ಖರ್ಚಿನ ಮಾತೂ ಬೇಡ. ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ 2004ರ ತಮ್ಮ ಪುಸ್ತಕದಲ್ಲಿ ಗೆಲುವಿಗೆ ನಾಲ್ಕು ಅಂಶ ಹೇಳಿದರು: ಶಾಟ್ ಎಷ್ಟು ಚೆನ್ನಾಗಿ ಹಾಕುತ್ತೀರಿ, ಚೆಂಡು ಎಷ್ಟು ಕಳೆದುಕೊಳ್ಳುತ್ತೀರಿ, ರಿಬೌಂಡ್ ಎಷ್ಟು ಹಿಡಿಯುತ್ತೀರಿ, ಫ್ರೀ ಥ್ರೋ ಎಷ್ಟು ಗಳಿಸುತ್ತೀರಿ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಹಾಳೆಯಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು. ಶಾಟ್ ಎಸೆದರೆ ಒಂದು ಸೊನ್ನೆ. ಬಿದ್ದರೆ ಅದೇ ಸೊನ್ನೆಗೆ ಒಂದು ಗೆರೆ. ಮೂರರ ಶಾಟಿಗೆ ಬೇರೆ ಕಾಲಂ, ಫ್ರೀ ಥ್ರೋಗೆ ಬೇರೆ. ಆಫೆನ್ಸಿವ್ ರಿಬೌಂಡ್, ಡಿಫೆನ್ಸಿವ್ ರಿಬೌಂಡ್, ಟರ್ನೋವರ್, ಇವಕ್ಕೆ ಕಡ್ಡಿ ಎಳೆದರಾಯಿತು. ಒಂದೇ ಎಚ್ಚರಿಕೆ: ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಆಟದಿಂದ ಕಣ್ಣು ತೆಗೆಯದೆ “ಏಳು, ಮಿಸ್, ಹನ್ನೊಂದು, ರಿಬೌಂಡ್” ಎಂದು ಕೂಗಬೇಕು, ಇನ್ನೊಬ್ಬ ತಲೆಯೆತ್ತದೆ ಬರೆಯಬೇಕು. ಒಬ್ಬನೇ ಎರಡೂ ಮಾಡಹೋದರೆ ಬರೆಯುವಷ್ಟರಲ್ಲಿ ಮುಂದಿನ ಶಾಟ್ ಹೋಗಿರುತ್ತದೆ. ಬೆಂಚಿನಲ್ಲಿ ಕೂತ ಹುಡುಗರಿಗೆ ಈ ಕೆಲಸ ಕೊಡಿ, ಆಟ ಓದುವುದನ್ನು ಅವರೂ ಕಲಿಯುತ್ತಾರೆ.

ಇದರ ಅಗತ್ಯ ಯಾರಿಗೆ? ಲೀಗ್‌ಗಳು ಬರುತ್ತವೆ, ಹೋಗುತ್ತವೆ. 2015ರಲ್ಲಿ ಶುರುವಾದ ಯುಬಿಎ ಲೀಗ್‌ನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. ಆ ಲೀಗ್ ಈಗಿಲ್ಲ. ಆಮೇಲೆ ಬಂದ ಇಂಡಿಯನ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಬೆಂಗಳೂರು ಕಿಂಗ್ಸ್ ಆಡಿತು. ಅಂಥ ಕಡೆ ಆಡಿದವರಿಗೆ ದಾಖಲೆ ಸಿಗುತ್ತದೆ. ದಾಸರಹಳ್ಳಿಯಿಂದ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಬ್ಬನ್ ಪಾರ್ಕಿನಲ್ಲಿಳಿದು ಕಂಠೀರವಕ್ಕೆ ಸೆಲೆಕ್ಷನ್‌ಗೆ ಹೋಗುವ ನಮ್ಮ ಹುಡುಗಿಯ ಕೈಯಲ್ಲಿ ಏನಿರುತ್ತದೆ? ಸರ್ಟಿಫಿಕೇಟು, ಮತ್ತು “ಚೆನ್ನಾಗಿ ಆಡ್ತಾಳೆ ಸಾರ್” ಎಂಬ ಕೋಚ್ ಮಾತು. ಅಲ್ಲಿ ಕೊಡುವ ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುವುದು ಎತ್ತರ ಮತ್ತು ಜೋರು. ಒಂದು ವರ್ಷದ ಮ್ಯಾಚುಗಳಲ್ಲಿ ಅವಳು ಹಿಡಿದ ರಿಬೌಂಡ್, ಉಳಿಸಿದ ಚೆಂಡು, ಎಸೆದದ್ದರಲ್ಲಿ ಬಿದ್ದ ಪಾಲು, ಇವುಗಳ ಹಾಳೆ ಜೊತೆಗಿದ್ದರೆ ಆಯ್ಕೆ ಮಾಡುವವರು ಒಪ್ಪಲಿ ಬಿಡಲಿ, ಒಂದು ಪ್ರಶ್ನೆಯನ್ನಾದರೂ ಕೇಳಬೇಕಾಗುತ್ತದೆ. ದೊಡ್ಡ ಕ್ಲಬ್ಬಿನ ಹೆಸರಿಲ್ಲದವರಿಗೆ ಅಷ್ಟೂ ದೊಡ್ಡದು.

ಹಿರಿಯರಲ್ಲಿ, ಕೋಚ್‌ಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಕಣ್ಣಿನ ಅನುಭವವನ್ನು ಯಾವ ಹಾಳೆಯೂ ತುಂಬಿಕೊಡಲಾರದು. ಆದರೆ ಮುಂದಿನ ಟೂರ್ನಮೆಂಟಿನಲ್ಲಿ ಸ್ಕೋರ್ ಟೇಬಲ್ ಪಕ್ಕ ಇನ್ನೆರಡು ಕುರ್ಚಿ ಹಾಕಿಸಿ. ಒಂದು ಸೀಸನ್ ಪೂರ್ತಿ ಬರೆಸಿ. ಆಮೇಲೆ ಹಾಳೆಗಳನ್ನು ಮುಂದಿಟ್ಟುಕೊಂಡು, ನಿಮ್ಮ ತಂಡದಲ್ಲಿ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ನೀವೇ ಹೇಳಿ. ಆಗಲೂ ಇದು ದಂಡ ಅನ್ನಿಸಿದರೆ ಹಾಳೆ ಹರಿದುಹಾಕಿ. ಬರೆಯದೆ ಮಾತ್ರ ತೀರ್ಪು ಕೊಡಬೇಡಿ.